ಶಾಲೆಯ ಗೋಡೆಗೆ ಹೆಣದ ಫೋಟೋ ಹಾಕಬೇಕಾ, ಬೇಡವಾ?

ಪಿನಾಕಿನಿ ಮೇಷ್ಟ್ರು | ಭಾನುವಾರ ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ಗೌರಿಬಿದನೂರು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮ ಶಾಲೆಯಲ್ಲಿ ಒಂದು ಕೋಣೆ ಖಾಲಿ ಬಿದ್ದಿತ್ತು. ಹಳೇ ಡೆಸ್ಕು, ಮುರಿದ ಗ್ಲೋಬು, ಇಲಿ. ಅದನ್ನು ಗುಡಿಸಿ ಒಂದು ಪುಟ್ಟ ಮ್ಯೂಸಿಯಂ ಮಾಡೋಣ ಅಂತ ಹತ್ತನೇ ಕ್ಲಾಸಿನವರು ಹೊರಟಿದ್ದಾರೆ. ಒಂದು ಗೋಡೆ ನಮ್ಮ ತಾಲ್ಲೂಕಿನದೇ ಊರಾದ ವಿದುರಾಶ್ವತ್ಥಕ್ಕೆ. ಎದುರಿನ ಗೋಡೆ ಹಿಟ್ಲರ್ ಪಾಠಕ್ಕೆ, ಅಂದರೆ ಯಹೂದಿಗಳ ಹತ್ಯೆಗೆ.

ಮೊದಲನೇ ಗೋಡೆಯಲ್ಲೇ ಸಿಕ್ಕಿಕೊಂಡೆವು. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರಲ್ಲ, ಸತ್ತವರು ಎಷ್ಟು? ಸರ್ಕಾರ ಆಗ ಒಪ್ಪಿಕೊಂಡದ್ದು 10. ಜನರ ಬಾಯಲ್ಲಿರುವುದು 30ಕ್ಕೂ ಜಾಸ್ತಿ. "ಸಾರ್, ನಮ್ಮಜ್ಜಿ ಒಂದು ಹೇಳ್ತಾರೆ, ನೀವು ಒಂದು ಹೇಳ್ತೀರ. ಚಾರ್ಟಿನಲ್ಲಿ ಯಾವುದು ಬರೆಯೋದು?" ಅಂತ ಒಬ್ಬಳು ಕೇಳಿದಳು. ಸ್ಕೆಚ್ ಪೆನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ನೆ ನಿಂತೆ.

ಎರಡನೇ ಗೋಡೆ ಇನ್ನೂ ಕಷ್ಟ. ಹುಡುಗರು ಇಂಟರ್ನೆಟ್ಟಿನಿಂದ ಫೋಟೋ ಇಳಿಸಿ ಪ್ರಿಂಟ್ ಹಾಕಿಸಿ ತಂದರು. ಹೆಚ್ಚಿನವು ಹೆಣದ ರಾಶಿ. ಊಟದ ಬಿಡುವಿನಲ್ಲಿ ಒಬ್ಬ ಹುಡುಗ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಫೋಟೋಗಳ ಅಂಚು ಕತ್ತರಿಸುತ್ತಿದ್ದ. ಕತ್ತರಿ ಜಾರಿ ಫೋಟೋದಲ್ಲಿದ್ದ ಒಂದು ಕಾಲಿನ ಮೇಲೆ ಹೋಯಿತು. "ಛೆ, ಸ್ವಲ್ಪ ಒಳಗೆ ಹೋಯ್ತು" ಅಂದ. ಪೇಪರ್ ಹಾಳಾಯಿತಲ್ಲ ಅಂತ ಅವನ ಬೇಜಾರು. ಅವನ ತಪ್ಪಲ್ಲ. ಆದರೆ ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಈ ಫೋಟೋ ಹಾಕಬೇಕಾ? ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲಿ ಏನು ಮಾಡುತ್ತಾರೆ? ನೋಡಿದವರು, ಓದಿದವರು ಹೇಳಿ.

ಕಡ್ಲೆಕಾಯಿ | ಭಾನುವಾರ ರಾತ್ರಿ 9.32

ಹಾಕಿ ಸಾರ್. ಮಕ್ಕಳು ಮೊಬೈಲಿನಲ್ಲಿ ಇದಕ್ಕಿಂತ ಭಯಂಕರದ್ದು ನೋಡಿರ್ತಾರೆ. ಹೂವು, ಮೇಣದಬತ್ತಿ ಇಟ್ಟು ಮೃದು ಮಾಡಿದರೆ ಯಾರಿಗೂ ತಟ್ಟಲ್ಲ. ಹೆದರಬೇಕು. ಹೆದರಿದರೆ ನೆನಪಿರುತ್ತೆ.

ರೇಷ್ಮೆಗೂಡು | ಭಾನುವಾರ ರಾತ್ರಿ 9.50

ಶಿಡ್ಲಘಟ್ಟದಿಂದ. ಮೇಷ್ಟ್ರೇ, ಎರಡು ಗೋಡೆ ಎದುರುಬದುರು ಹಾಕುವುದೇ ತಪ್ಪು ಅನ್ನಿಸ್ತು. ವಿದುರಾಶ್ವತ್ಥದ್ದು ಗೋಲಿಬಾರ್. ಅದು ನರಮೇಧ ಅಲ್ಲ. ಪೊಲೀಸರು ಚಳವಳಿ ಮುರಿಯೋಕೆ ಗುಂಡು ಹಾರಿಸಿದರು, ಒಂದು ಜನಾಂಗವನ್ನೇ ಅಳಿಸೋಕೆ ಅಲ್ಲ. "ಕರ್ನಾಟಕದ ಜಲಿಯನ್‌ವಾಲಾಬಾಗ್" ಅಂತ ಭಾಷಣದಲ್ಲಿ ಹೇಳ್ತಾರೆ, ಸರಿ. ಹಾಗಂತ ಹಿಟ್ಲರ್ ಎದುರಿಗೆ ತಂದು ನಿಲ್ಲಿಸಬೇಡಿ.

ಬಾಗೇಪಲ್ಲಿ ಹುಡುಗಿ | ಭಾನುವಾರ ರಾತ್ರಿ 10.15

ರೇಷ್ಮೆಗೂಡು ಅಣ್ಣ ಹೇಳಿದ್ದು ಸರಿ. ನಾನು ಇತಿಹಾಸ ಎಂ.ಎ. ಓದ್ತಿದ್ದೀನಿ, ಅದಕ್ಕೆ ಸ್ವಲ್ಪ ಸೇರಿಸ್ತೀನಿ. ನರಮೇಧಕ್ಕೆ ಇಂಗ್ಲಿಷಿನಲ್ಲಿರುವ ಜೆನೊಸೈಡ್ ಅನ್ನೋ ಪದ ಹುಟ್ಟಿದ್ದೇ 1944ರಲ್ಲಿ. ರಾಫೆಲ್ ಲೆಮ್ಕಿನ್ ಅನ್ನೋ ಪೋಲೆಂಡಿನ ಯಹೂದಿ ವಕೀಲ ಅದನ್ನು ಕಟ್ಟಿದರು. ವಿಶ್ವಸಂಸ್ಥೆ ಒಪ್ಪಂದ ಮಾಡಿದ್ದು 1948ರ ಡಿಸೆಂಬರ್ 9ಕ್ಕೆ. ಒಂದು ರಾಷ್ಟ್ರೀಯ, ಜನಾಂಗೀಯ ಅಥವಾ ಧಾರ್ಮಿಕ ಗುಂಪನ್ನು ಪೂರ್ತಿಯಾಗಿ ಇಲ್ಲವೇ ಭಾಗಶಃ ನಾಶ ಮಾಡುವ ಉದ್ದೇಶ ಇರಬೇಕು ಅಂತ ಅದರಲ್ಲಿದೆ. ಎಷ್ಟು ಜನ ಸತ್ತರು ಅನ್ನುವುದಕ್ಕಿಂತ ಆ ಉದ್ದೇಶ ಮುಖ್ಯ.

ನಮ್ಮ "ನರಮೇಧ" ಪದವೇ ವಿಚಿತ್ರ, ಗಮನಿಸಿದ್ದೀರಾ? ಅಶ್ವಮೇಧದ ಹಾಗೆ ಅದೂ ಒಂದು ಯಜ್ಞದ ಹೆಸರು. ಕೊಲೆಯನ್ನು ಬಲಿ ಅಂದುಬಿಟ್ಟ ಹಾಗೆ. ಹಿಟ್ಲರ್ ಕಾಲದ ಯಹೂದಿಗಳ ಹತ್ಯೆಗೆ ಇಂಗ್ಲಿಷಿನಲ್ಲಿ ಹೇಳೋ ಹಾಲೋಕಾಸ್ಟ್ ಪದದ ಮೂಲ ಅರ್ಥವೂ ಅದೇ, ಪೂರ್ತಿ ಸುಟ್ಟು ಅರ್ಪಿಸಿದ ಬಲಿ. ಅದಕ್ಕೇ ಎಷ್ಟೋ ಯಹೂದಿಗಳು ಆ ಪದ ಬಿಟ್ಟು ಹೀಬ್ರೂವಿನ "ಶೋಆ" ಅಂತಾರೆ. ಅಂದರೆ ಮಹಾ ವಿನಾಶ. ಯಾರು ಯಾರಿಗೆ ಬಲಿ ಕೊಟ್ಟರು, ಯಾವ ದೇವರು ಕೇಳಿದ್ದ?

ಕಡ್ಲೆಕಾಯಿ | ಭಾನುವಾರ ರಾತ್ರಿ 10.21

ತಂಗಿ, ಪದಕ್ಕೆ ಇಷ್ಟು ತಲೆ ಕೆಡಿಸಿಕೊಂಡರೆ ಮೇಷ್ಟ್ರ ಕೋಣೆ ಇಲಿಗಳಿಗೇ ಉಳಿಯುತ್ತೆ 😀

ಊರು ಬಿಟ್ಟವನು | ಸೋಮವಾರ ಬೆಳಗ್ಗೆ 6.40

ಚಿಂತಾಮಣಿ ಕಡೆಯವನು, ಈಗ ಪೋಲೆಂಡಿನ ಕ್ರಾಕೋವ್‌ನಲ್ಲಿ ಕೆಲಸ. ಹಿಟ್ಲರ್ ಕಡೆಯವರ ಕೊಲೆ ಶಿಬಿರ ಇದ್ದ ಆಶ್ವಿಟ್ಜ್ ಇಲ್ಲಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ. ಮೂರು ಸಲ ಹೋಗಿದ್ದೇನೆ. ಊರಿಂದ ಯಾರಾದರೂ ಬಂದರೆ ಕರೆದುಕೊಂಡು ಹೋಗಲೇಬೇಕು.

ಅಲ್ಲಿ ಒಂದು ಕಟ್ಟಡದಲ್ಲಿ ಗಾಜಿನ ಹಿಂದೆ ಸತ್ತವರ ಕೂದಲಿದೆ. ಸುಮಾರು ಎರಡು ಟನ್. ಅಲ್ಲಿ ಫೋಟೋ ತೆಗೆಯುವ ಹಾಗಿಲ್ಲ. ಮುಂದಿನ ಕಟ್ಟಡದಲ್ಲಿ ಚಪ್ಪಲಿ, ಬೂಟು, ಒಂದು ಲಕ್ಷಕ್ಕೂ ಜಾಸ್ತಿ. ಎಲ್ಲರೂ ಅವುಗಳ ಬಗ್ಗೆಯೇ ಮಾತಾಡ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಪಾತ್ರೆ.

ಎನಾಮೆಲ್ ಪಾತ್ರೆಗಳ ಗುಡ್ಡೆ. ನೀಲಿ, ಬಿಳಿ, ಕೆಂಪು. ನಮ್ಮನೆಯಲ್ಲಿ ಹಾಲು ಕಾಯಿಸುತ್ತಿದ್ದಂಥವೇ. ಅಂಚಿನಲ್ಲಿ ಬಣ್ಣ ಚಕ್ಕೆ ಎದ್ದು ಕಪ್ಪು ಕಬ್ಬಿಣ ಕಾಣಿಸುತ್ತೆ. ಒಂದರ ಹಿಡಿಗೆ ತಂತಿ ಸುತ್ತಿ ರಿಪೇರಿ ಮಾಡಿದ್ದಾರೆ. ಸಾಯೋಕೆ ಹೋಗುವವರು ಪಾತ್ರೆ ಹೊತ್ತುಕೊಂಡು ಹೋಗ್ತಾರಾ? "ಬೇರೆ ಊರಿಗೆ ಕಳಿಸ್ತೀವಿ, ಅಲ್ಲಿ ಕೆಲಸ ಕೊಡ್ತೀವಿ" ಅಂತ ನಂಬಿಸಿದ್ದರು. ಅಲ್ಲಿ ಒಲೆ ಹೂಡಬೇಕಲ್ಲ, ಅದಕ್ಕೆ ಪಾತ್ರೆ ತಂದರು. ಆ ಮೋಸ ಅರ್ಥ ಮಾಡಿಸೋಕೆ ಬೇರೆ ಬೋರ್ಡೇ ಬೇಕಿಲ್ಲ.

ಸೂಟ್‌ಕೇಸುಗಳೂ ಇವೆ. ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು, ಹುಟ್ಟಿದ ದಿನ. ಕಳೆದುಹೋಗಬಾರದು ಅಂತ ಅವರೇ ಬರೆದುಕೊಂಡದ್ದು. ನಮ್ಮ ಕಡೆ ಸ್ಟೀಲ್ ಪಾತ್ರೆ ಮೇಲೆ ಹೆಸರು ಕೊರೆಸ್ತಾರಲ್ಲ, ಅದು ನೆನಪಾಯಿತು. ನಮ್ಮಮ್ಮನ ಮದುವೆಗೆ ಬಂದ ಬಿಂದಿಗೆ ಮೇಲೆ ಕೊಟ್ಟವರ ಹೆಸರು, ಊರು, ತಾರೀಕು, ಎಲ್ಲಾ ಇದೆ.

ನನ್ನ ಮಾತು ಇಷ್ಟೇ ಮೇಷ್ಟ್ರೇ. ಹೆಣದ ರಾಶಿಯಲ್ಲಿ ಮನುಷ್ಯ ಕಾಣಲ್ಲ. ಪಾತ್ರೆಯಲ್ಲಿ ಕಾಣ್ತಾನೆ. ಹೆಣದ ರಾಶಿ ನೋಡಿದವರು ಮುಖ ತಿರುಗಿಸಿ ಮುಂದೆ ಹೋಗ್ತಾರೆ. ಪಾತ್ರೆ ನೋಡಿದವರು ಬಗ್ಗಿ ನೋಡ್ತಾರೆ.

ಕೋಲಾರದ ನರ್ಸಮ್ಮ | ಸೋಮವಾರ ಮಧ್ಯಾಹ್ನ 2.05

ನಾನು ಮಗಳ ಜೊತೆ ಕಾಂಬೋಡಿಯಾಗೆ ಹೋಗಿದ್ದೆ. ಎಲ್ಲರೂ ಅಂಗ್ಕೋರ್ ದೇವಸ್ಥಾನ ನೋಡೋಕೆ ಹೋಗೋದು, ನಾವೂ ಅದಕ್ಕೇ ಹೋದದ್ದು. ವಾಪಸು ಬರುವಾಗ ನಾಮ್ ಪೆನ್‌ನಲ್ಲಿ ಒಂದು ದಿನ ಸಿಕ್ಕಿತು, ತುಯೋಲ್ ಸ್ಲೆಂಗ್ ಮ್ಯೂಸಿಯಂಗೆ ಹೋದೆವು. ಮೇಷ್ಟ್ರೇ, ನೀವು ನೋಡಿದರೆ ನನಗಿಂತ ಜಾಸ್ತಿ ಸಂಕಟಪಡ್ತೀರ. ಅದು ಹೈಸ್ಕೂಲು. ಆಗ ಆ ದೇಶ ಆಳುತ್ತಿದ್ದ ಸರ್ವಾಧಿಕಾರಿ ಪೋಲ್ ಪಾಟ್ ಕಾಲದಲ್ಲಿ, 1975ರಿಂದ 79ರವರೆಗೆ, ಅದನ್ನು ಜೈಲು ಮಾಡಿದ್ದರು. ಕ್ಲಾಸ್ ರೂಮಿನೊಳಗೇ ಇಟ್ಟಿಗೆ ಗೋಡೆ ಎಬ್ಬಿಸಿ ಒಬ್ಬೊಬ್ಬರಿಗೆ ಒಂದು ಗೂಡು. ಮಕ್ಕಳು ಕಸರತ್ತು ಮಾಡುತ್ತಿದ್ದ ಕಂಬದ ಚೌಕಟ್ಟಿಗೇ ಕೈದಿಗಳನ್ನು ತೂಗುಹಾಕಿ ಹಿಂಸೆ ಕೊಡುತ್ತಿದ್ದರಂತೆ. ಒಳಗೆ ಹೋದವರು ಹದಿನಾಲ್ಕು ಸಾವಿರಕ್ಕೂ ಹೆಚ್ಚು. ಉಳಿದುಕೊಂಡವರು ಬೆರಳೆಣಿಕೆ. ವಾನ್ ನಾಥ್ ಅನ್ನೋ ಕಲಾವಿದರು ಬದುಕಿದ್ದೇ ಪೋಲ್ ಪಾಟ್ ಚಿತ್ರ ಬರೆಯೋಕೆ ಬೇಕಾಗಿದ್ದರು ಅಂತ.

ಅಲ್ಲಿ ಹೆಣಕ್ಕಿಂತ ಜಾಸ್ತಿ ಮುಖಗಳು. ಸಾಲು ಸಾಲು ಕಪ್ಪು ಬಿಳುಪು ಫೋಟೋ. ಕೆಲವರ ಎದೆ ಮೇಲೆ ನಂಬರ್ ಚೀಟಿ. ಅಂಗಿ ಇಲ್ಲದ ಒಬ್ಬ ಹುಡುಗನಿಗೆ ಚೀಟಿಯನ್ನು ಚರ್ಮಕ್ಕೇ ಚುಚ್ಚಿದ ಹಾಗೆ ಕಾಣ್ತಿತ್ತು. ನಾನು ಮೂವತ್ತು ವರ್ಷ ಸೂಜಿ ಹಿಡಿದವಳು, ಆದರೂ ಕಣ್ಣು ಮುಚ್ಚಿಕೊಂಡೆ. ಆಮೇಲೆ ಮಗಳು ಹೇಳಿದಳು, "ಅಮ್ಮ, ಈ ಫೋಟೋ ತೆಗೆದವರು ಯಾರು ಗೊತ್ತಾ? ಜೈಲಿನವರೇ."

ಅಲ್ವಾ? ಅವರ ಮುಂದೆ ನಿಂತಿದ್ದವನು ಕ್ಯಾಮೆರಾ ಹಿಡಿದ ಶತ್ರು. ಈಗ ಅದೇ ಜಾಗದಲ್ಲಿ ನಾನು ನಿಂತಿದ್ದೇನೆ. ಅವರು ನೋಡ್ತಿರೋದು ಅವನನ್ನ, ಸಿಕ್ಕಿರೋದು ನಾನು. ಕೆಲವು ಫೋಟೋಗಳಿಗೆ ಹೆಸರೂ ಇಲ್ಲ.

ಬಾಗೇಪಲ್ಲಿ ಹುಡುಗಿ | ಸೋಮವಾರ ಸಂಜೆ 5.30

ಅಕ್ಕ, ನೀವು ಹೇಳಿದ ಮುಖಗಳ ಮೇಲೆ 2021ರಲ್ಲಿ ಒಂದು ರಂಪ ಆಯಿತು. ವಿದೇಶದ ಒಬ್ಬ ಕಲಾವಿದ ಅವುಗಳಿಗೆ ಬಣ್ಣ ಹಾಕಿದ. ಕೆಲವು ಮುಖಗಳಿಗೆ ಕಂಪ್ಯೂಟರಿನಲ್ಲಿ ನಗು ಅಂಟಿಸಿದ! ಕಾಂಬೋಡಿಯಾ ಸರ್ಕಾರ ಗಲಾಟೆ ಮಾಡಿದ ಮೇಲೆ ಅವನ್ನು ಹಾಕಿದ್ದ ಜಾಲತಾಣದವರು ತೆಗೆದುಹಾಕಿದರು. ಕೊಂದವರು ಮುಖವನ್ನಾದರೂ ಇದ್ದ ಹಾಗೆ ಬಿಟ್ಟಿದ್ದರು.

ಇನ್ನೊಂದು. ಆ ಮ್ಯೂಸಿಯಂ ಶುರುವಾಗಿದ್ದು 1979ರಲ್ಲಿ, ವಿಯೆಟ್ನಾಂ ಸೇನೆ ಬಂದು ಪೋಲ್ ಪಾಟನನ್ನು ಓಡಿಸಿದ ವರ್ಷವೇ. ಜೋಡಿಸಿಕೊಟ್ಟವರು ಮಾಯ್ ಲಾಮ್ ಅನ್ನೋ ವಿಯೆಟ್ನಾಂ ಕರ್ನಲ್. "ನಾವು ಯಾಕೆ ಬಂದೆವು" ಅಂತ ಲೋಕಕ್ಕೆ ತೋರಿಸೋದು ಅವರಿಗೆ ಬೇಕಿತ್ತು. ಒಂದು ಗೋಡೆ ಮೇಲೆ ತಲೆಬುರುಡೆಗಳಿಂದ ಕಾಂಬೋಡಿಯಾದ ನಕ್ಷೆ ಮಾಡಿದ್ದರು. ಅದನ್ನು 2002ರಲ್ಲಿ ಬಿಚ್ಚಿದರು. ಇಪ್ಪತ್ತು ವರ್ಷ ಜನ ಬಂದು ನೋಡಿದ್ದು ಆ ನಕ್ಷೆ. ಆ ಬುರುಡೆಗಳ ಮನೆಯವರು ಅದನ್ನು ಹೇಗೆ ನೋಡಿರಬೇಕು?

ಅಲ್ಲಿ ಕೊಲೆಯಾದವರಲ್ಲಿ ಎಷ್ಟೋ ಜನ ಪೋಲ್ ಪಾಟನ ಪಕ್ಷದವರೇ. ನಿನ್ನೆ ಹೊಡೆದವರು ಇವತ್ತು ಹೊಡೆಸಿಕೊಂಡವರು. ಗೋಡೆ ಮೇಲೆ ಎಲ್ಲರದ್ದೂ ಒಂದೇ ಸೈಜಿನ ಫೋಟೋ.

ಕಡ್ಲೆಕಾಯಿ | ಸೋಮವಾರ ಸಂಜೆ 5.48

ಹಾಗಾದರೆ ಎಲ್ಲಾ ಮ್ಯೂಸಿಯಮ್ಮೂ ಸರ್ಕಾರಗಳ ನಾಟಕ ಅಂತಾಯ್ತು. ಆಶ್ವಿಟ್ಜ್‌ನಲ್ಲೂ ಮೊದಲು 40 ಲಕ್ಷ ಸತ್ತರು ಅಂತ ಫಲಕ ಹಾಕಿ ಆಮೇಲೆ ಕಮ್ಮಿ ಮಾಡಿದರಂತೆ. ಇವತ್ತು ಒಂದು ನಂಬರ್, ನಾಳೆ ಒಂದು ನಂಬರ್. ಏನು ನಂಬೋದು?

ಊರು ಬಿಟ್ಟವನು | ಸೋಮವಾರ ರಾತ್ರಿ 11.20

ಅಣ್ಣ, ಇದು ಮೇಷ್ಟ್ರ ಚಾರ್ಟಿನ ಪ್ರಶ್ನೆಯೇ. ಅದಕ್ಕೆ ಉದ್ದ ಬರೀತೀನಿ, ಬೈಬೇಡಿ.

ಆಶ್ವಿಟ್ಜ್ ಮ್ಯೂಸಿಯಂ ಆಗಿದ್ದು 1947ರಲ್ಲಿ. ಅದಕ್ಕೆ ಓಡಾಡಿದವರಲ್ಲಿ ಅಲ್ಲೇ ಕೈದಿಗಳಾಗಿದ್ದವರು ಇದ್ದರು. ಆಮೇಲೆ ಕಮ್ಯುನಿಸ್ಟ್ ಆಡಳಿತ ಗಟ್ಟಿಯಾಯಿತು. 40 ಲಕ್ಷ ಅನ್ನೋದು ಯುದ್ಧ ಮುಗಿದಾಗ ಸೋವಿಯತ್ ತನಿಖೆಯವರು ಅಂದಾಜು ಮಾಡಿದ ಲೆಕ್ಕ. ಅದೇ ಕಲ್ಲಿನ ಮೇಲೆ ಕೂತುಬಿಟ್ಟಿತು. ಸತ್ತವರಲ್ಲಿ ಬಹುಪಾಲು ಯಹೂದಿಗಳು ಅನ್ನೋದು ಮಾತ್ರ ಆ ಕಲ್ಲಿನಲ್ಲಿ ಇರಲಿಲ್ಲ. ಸಂಖ್ಯೆ ದೊಡ್ಡದು ಮಾಡಿದರು, ಸತ್ತವರು ಯಾರು ಅನ್ನೋದನ್ನು ಸಣ್ಣದು ಮಾಡಿದರು.

1990ರಲ್ಲಿ ಆ ಫಲಕ ತೆಗೆದರು. ಆಮೇಲೆ ಬಂದ ಫಲಕದಲ್ಲಿ ಸುಮಾರು 15 ಲಕ್ಷ ಅಂತಿದೆ, ಮುಖ್ಯವಾಗಿ ಯಹೂದಿಗಳು ಅಂತಲೂ ಇದೆ. ಈಗ ಸಂಶೋಧಕರು ಒಪ್ಪುವುದು ಸುಮಾರು 11 ಲಕ್ಷ, ಅದರಲ್ಲಿ ಸುಮಾರು 10 ಲಕ್ಷ ಯಹೂದಿಗಳು. ಈ ಲೆಕ್ಕ ಮಾಡಿದ್ದು ಬೇರೆ ಯಾರೂ ಅಲ್ಲ, ಅದೇ ಮ್ಯೂಸಿಯಂನ ಇತಿಹಾಸಕಾರ ಫ್ರಾಂಚಿಶೆಕ್ ಪೀಪರ್. ಯಾವ ಊರಿಂದ ಎಷ್ಟು ರೈಲು, ಎಷ್ಟು ಜನ ಅಂತ ಕೂತು ಕೂಡಿಸಿ ಕಳೆದು ಮಾಡಿದ್ದು. ನಾಟಕ ಆಗಿದ್ದರೆ ಯಾಕೆ ತಿದ್ದಬೇಕಿತ್ತು?

"ನೋಡಿ, ನಂಬರ್ ಬದಲಾಯಿಸಿದರು, ಎಲ್ಲಾ ಸುಳ್ಳು" ಅನ್ನುವವರು ಇದ್ದೇ ಇದ್ದಾರೆ. ಫಲಕದ ತಪ್ಪೇ ಅವರ ಬಂಡವಾಳ. ಮೊದಲೇ "ಅಂದಾಜು" ಅಂತ ಒಂದು ಪದ ಹಾಕಿದ್ದಿದ್ದರೆ ಅವರಿಗೆ ಅಷ್ಟಾದರೂ ಕಷ್ಟ ಆಗುತ್ತಿತ್ತು.

ರೇಷ್ಮೆಗೂಡು | ಮಂಗಳವಾರ ಬೆಳಗ್ಗೆ 7.15

ಜಲಿಯನ್‌ವಾಲಾಬಾಗ್ ಲೆಕ್ಕವೂ ಹಾಗೇ. 1919ರಲ್ಲಿ ಬ್ರಿಟಿಷರು 379 ಅಂದರು, ಕಾಂಗ್ರೆಸ್ ಸಾವಿರಕ್ಕೂ ಜಾಸ್ತಿ ಅಂತು. ನಾನು ಅಮೃತಸರಕ್ಕೆ ಹೋದಾಗ ಗೋಡೆ ಮೇಲಿನ ಗುಂಡಿನ ಗುರುತು ಮುಟ್ಟಬೇಕು ಅನ್ನಿಸಿತ್ತು. 2021ರಲ್ಲಿ ನವೀಕರಣ ಅಂತ ಒಳಗೆ ಹೋಗುವ ಆ ಇಕ್ಕಟ್ಟಾದ ಓಣಿಯ ಗೋಡೆಗಳಿಗೆ ನಗುವ ಜನರ ಉಬ್ಬುಚಿತ್ರ ಮಾಡಿಸಿದರು, ರಾತ್ರಿಗೆ ಲೈಟ್ ಶೋ ಇಟ್ಟರು. ಅದಕ್ಕೆ ಇತಿಹಾಸಕಾರರು ಸಿಟ್ಟಾದರು. ಆ ಓಣಿ ಬರೀ ದಾರಿ ಅಲ್ಲ. ಡೈಯರ್ ಸೈನಿಕರನ್ನು ಕರೆದುಕೊಂಡು ಬಂದಿದ್ದು ಅದೇ ಓಣಿಯಲ್ಲಿ. ಉಸಿರುಕಟ್ಟಿಸುವ ಹಾಗೆ ಇರೋದೇ ಅದರ ಸಾಕ್ಷಿ. ಚೆಂದ ಮಾಡೋಕೆ ಹೋಗಿ ಸಾಕ್ಷಿಗೆ ಸುಣ್ಣ ಬಳಿದ ಹಾಗಾಯಿತು.

ಸಿದ್ಧಗಂಗೆ ದಾರಿ | ಮಂಗಳವಾರ ಬೆಳಗ್ಗೆ 10.00

ತುಮಕೂರಿನಿಂದ, ನಿವೃತ್ತ ಕನ್ನಡ ಮೇಷ್ಟ್ರು. ತಡವಾಗಿ ನೋಡಿದೆ.

ನಮ್ಮಲ್ಲಿ ಮ್ಯೂಸಿಯಂ ಇಲ್ಲದ ಕಾಲಕ್ಕೂ ಸತ್ತವರಿಗೆ ಕಲ್ಲು ನಿಲ್ಲಿಸುತ್ತಿದ್ದರು. ಊರ ಮುಂದೆ, ಕೆರೆ ಏರಿ ಮೇಲೆ ವೀರಗಲ್ಲು ಇರುತ್ತಲ್ಲ, ನೋಡಿರುತ್ತೀರಿ. ಕೆಳಗಿನ ಹಂತದಲ್ಲಿ ಹೋರಾಟ, ನಡುವೆ ಅಪ್ಸರೆಯರು ಕರೆದುಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಕೂತಿರುವುದು. ತುರುಗೋಳಿನಲ್ಲಿ ಹಸು ಬಿಡಿಸಲು ಹೋಗಿ ಸತ್ತವನಿಗೆ ಸ್ವರ್ಗ. ಬಹಳ ಒಳ್ಳೆಯ ಪದ್ಧತಿ. ಆದರೆ ಅವತ್ತೇ ಅದೇ ಊರಲ್ಲಿ ಗುಡಿಸಿಲಿನೊಳಗೆ ಸುಟ್ಟುಹೋದ ಮುದುಕಿಗೆ ಕಲ್ಲಿಲ್ಲ. ಅವಳು ಕತ್ತಿ ಹಿಡಿದಿರಲಿಲ್ಲ.

ವಿದುರಾಶ್ವತ್ಥದವರನ್ನು ವೀರರು ಅನ್ನಬಹುದು. ಬಾವುಟ ಹಾರಿಸಲು ತಾವೇ ಹೋದವರು. ಅಲ್ಲಿನ ಸ್ಮಾರಕಕ್ಕೆ ವೀರಸೌಧ ಅಂತ ಹೆಸರಿಟ್ಟದ್ದು ಒಪ್ಪುತ್ತದೆ. ಆದರೆ ನಿಮ್ಮ ಎರಡನೇ ಗೋಡೆಯವರು ಯಾವ ಯುದ್ಧಕ್ಕೂ ಹೋದವರಲ್ಲ. ದರ್ಜಿ, ಮಗು, ಬಸುರಿ, ಪಿಟೀಲು ಮೇಷ್ಟ್ರು. ಅವರನ್ನು ಹುತಾತ್ಮರು ಅನ್ನಬೇಡಿ. ಹುತ ಅಂದರೂ ಅಗ್ನಿಗೆ ಹಾಕಿದ್ದು ಅಂತಲೇ. ಆ ಹುಡುಗಿ ನರಮೇಧದ ಬಗ್ಗೆ ಬರೆದದ್ದು ಅದಕ್ಕೇ ನನಗೆ ಬಹಳ ಹಿಡಿಸಿತು. ಎರಡು ಗೋಡೆಗೂ ಒಂದೇ ಹೂವಿನ ಹಾರ ಹಾಕಬೇಡಿ ಅಷ್ಟೆ. ಎದುರುಬದುರು ಇರಲಿ ಬಿಡಿ, ಮಕ್ಕಳು ವ್ಯತ್ಯಾಸ ಕೇಳಲಿ.

ಕೋಲಾರದ ನರ್ಸಮ್ಮ | ಮಂಗಳವಾರ ಮಧ್ಯಾಹ್ನ 1.40

ಸಾರ್, ಆ ಮುದುಕಿ ಮಾತು ಓದಿ ಊಟ ಸೇರಲಿಲ್ಲ.

ಕಡ್ಲೆಕಾಯಿ | ಮಂಗಳವಾರ ರಾತ್ರಿ 8.30

ಸರಿ, ನಾನು ಸ್ವಲ್ಪ ಇಳಿದೆ. ಆದರೂ ಕೇಳ್ತೀನಿ. ಪಾತ್ರೆ, ಸೂಟ್‌ಕೇಸು ತೋರಿಸಿದರೆ ಕೊಂದವನು ತಪ್ಪಿಸಿಕೊಳ್ಳಲ್ವಾ? ನೋಡಿದವರು ಅಯ್ಯೋ ಪಾಪ ಅಂತಾರೆ, ಹೋಗ್ತಾರೆ. ಹೊಡೆದವನೂ ಮನುಷ್ಯನೇ ಅಲ್ವಾ? ಅವನನ್ನು ಎಲ್ಲಿ ನಿಲ್ಲಿಸ್ತೀರ? ನಮ್ಮ ದೇಶದಲ್ಲಿ ಗಲಭೆ ಆದಾಗ…

ನಿರ್ವಾಹಕ | ಮಂಗಳವಾರ ರಾತ್ರಿ 8.52

ಕಡ್ಲೆಕಾಯಿಯವರ ಬರಹದ ಉಳಿದ ಭಾಗ ಮತ್ತು ಅದಕ್ಕೆ ಬಂದ 14 ಉತ್ತರ ತೆಗೆದಿದ್ದೇನೆ. ಪಕ್ಷದ ಜಗಳಕ್ಕೆ ಬೇರೆ ಜಾಗ ಇದೆ. ಪ್ರಶ್ನೆಯ ಮೊದಲ ಭಾಗ ಒಳ್ಳೆಯದು, ಉಳಿಸಿದ್ದೇನೆ.

ಬಾಗೇಪಲ್ಲಿ ಹುಡುಗಿ | ಮಂಗಳವಾರ ರಾತ್ರಿ 10.40

ಆ ಪ್ರಶ್ನೆಗೆ ರುವಾಂಡಾ ನೋಡಬೇಕು. 1994ರಲ್ಲಿ ನೂರು ದಿನದಲ್ಲಿ ಎಂಟು ಲಕ್ಷದಿಂದ ಹತ್ತು ಲಕ್ಷ ಜನ ಸತ್ತರು, ಹೆಚ್ಚಿನವರು ಟುಟ್ಸಿ ಅನ್ನೋ ಜನಾಂಗದವರು. ಕೊಂದವರು ಸೈನಿಕರು ಮಾತ್ರ ಅಲ್ಲ, ಪಕ್ಕದ ಮನೆಯವರು. ಮಚ್ಚು ಹಿಡಿದು ಬಂದವರು. ರಾಜಧಾನಿ ಕಿಗಾಲಿಯ ಸ್ಮಾರಕ 2004ರಲ್ಲಿ ತೆರೆಯಿತು, ಅಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಸಮಾಧಿ ಇದೆ. ಒಳಗೆ ಕಥೆ ಶುರುವಾಗೋದು ಕೊಲೆಯಿಂದ ಅಲ್ಲ. ಬೆಲ್ಜಿಯಂನವರು 1930ರ ದಶಕದಲ್ಲಿ ಹಂಚಿದ ಗುರುತಿನ ಚೀಟಿಯೂ ಅದರಲ್ಲಿ ಬರುತ್ತೆ. ಹುಟು, ಟುಟ್ಸಿ ಅಂತ ಚೀಟಿಯಲ್ಲೇ ನಮೂದು. ಅರವತ್ತು ವರ್ಷ ಆದ ಮೇಲೆ ರಸ್ತೆಯಲ್ಲಿ ತಡೆದು ನಿಲ್ಲಿಸಿ ಕೇಳಿದ್ದು ಅದೇ ಚೀಟಿ. ಟುಟ್ಸಿಗಳನ್ನು ಜಿರಲೆ ಅಂತ ಕರೆದ ರೇಡಿಯೋ ಕಥೆಯೂ ಇದೆ. ಕೊಂದವನು ಎಲ್ಲಿಂದ ಬಂದ ಅಂತ ತೋರಿಸೋಕೆ ಹೆಣ ಬೇಕಿಲ್ಲ. ಚೀಟಿ ಸಾಕು, ರೇಡಿಯೋ ಸಾಕು.

ಅಲ್ಲಿ ಮಕ್ಕಳಿಗೇ ಒಂದು ವಿಭಾಗ ಇದೆ. ಮಗು ನಗುವ ದೊಡ್ಡ ಫೋಟೋ, ಮನೆಯವರು ಕೊಟ್ಟದ್ದು. ಕೆಳಗೆ ಹೆಸರು, ವಯಸ್ಸು, ಇಷ್ಟದ ತಿಂಡಿ, ಇಷ್ಟದ ಆಟ, ಕೊನೆಗೆ ಹೇಗೆ ಕೊಂದರು ಅಂತ ಒಂದು ಸಾಲು. ಫೋಟೋ ತೆಗೆದವರು ಅಪ್ಪ, ಮಾಮ, ಸ್ಟುಡಿಯೋದವರು. ನರ್ಸಕ್ಕ ಹೇಳಿದ ಜೈಲಿನ ಕ್ಯಾಮೆರಾ ಅಲ್ಲ.

ಅಲ್ಲೂ ತಕರಾರು ಇಲ್ಲ ಅಂತಲ್ಲ. ಆಮೇಲೆ ಗೆದ್ದು ಬಂದ ಸೇನೆ ಮಾಡಿದ ಕೊಲೆಗಳ ಬಗ್ಗೆ ಅಲ್ಲಿ ಬಾಯಿ ಬಿಡೋದು ಸುಲಭ ಅಲ್ಲ. ಮ್ಯೂಸಿಯಂ ಕಟ್ಟಿದವರು ಗೆದ್ದವರೇ.

ಊರು ಬಿಟ್ಟವನು | ಬುಧವಾರ ಬೆಳಗ್ಗೆ 6.10

ಮೇಷ್ಟ್ರಿಗೆ ಉಪಯೋಗ ಆಗಬಹುದಾದ ಎರಡು ವಿಷಯ. ವಾಷಿಂಗ್ಟನ್‌ನಲ್ಲಿ 1993ರಲ್ಲಿ ಹಾಲೋಕಾಸ್ಟ್ ಮ್ಯೂಸಿಯಂ ತೆರೆದಾಗ ಆಶ್ವಿಟ್ಜ್‌ನ ಕೂದಲು ತರಿಸಿ ಇಡಬೇಕು ಅಂತಿದ್ದರು. ಬದುಕುಳಿದ ಹೆಂಗಸರು ಕೆಲವರು ಬೇಡ ಅಂದರು. ಅದರಲ್ಲಿ ನಮ್ಮ ತಾಯಿಯದೂ ಇರಬಹುದು ಅಂದರು. ಕೊನೆಗೆ ಕೂದಲು ಬಿಟ್ಟು ಅದರ ಫೋಟೋ ಇಟ್ಟರು. ಮುಖ್ಯ ಪ್ರದರ್ಶನಕ್ಕೆ 11 ವರ್ಷ ಮೇಲ್ಪಟ್ಟ ಮಕ್ಕಳನ್ನು ಕರೆತನ್ನಿ ಅಂತ ಅವರೇ ಸಲಹೆ ಕೊಡ್ತಾರೆ. ನಿಮ್ಮದು ಹೈಸ್ಕೂಲು, ತೊಂದರೆ ಇಲ್ಲ. ಆದರೆ ಪಕ್ಕದ ಅಂಗನವಾಡಿ ಮಕ್ಕಳು ಒಳಗೆ ಓಡಿಬಂದರೆ?

ಇನ್ನೊಂದು, ಜರ್ಮನಿಯ ಬೀದಿ ಕಲ್ಲುಗಳು. ಗುಂಟರ್ ಡೆಮ್ನಿಗ್ ಅನ್ನೋ ಕಲಾವಿದ ಶುರು ಮಾಡಿದ್ದು. ಹತ್ತು ಸೆಂಟಿಮೀಟರ್ ಅಗಲದ ಹಿತ್ತಾಳೆ ತಗಡು ಹೊದಿಸಿದ ಕಲ್ಲು, ಸತ್ತವರು ಕೊನೆಗೆ ತಾವಾಗಿ ಇದ್ದ ಮನೆ ಮುಂದಿನ ಫುಟ್‌ಪಾತಿನಲ್ಲಿ ಹೂತಿರುತ್ತೆ. 2023ಕ್ಕೆ ಒಂದು ಲಕ್ಷ ದಾಟಿತು. ಸಾಮಾನ್ಯವಾಗಿ ಮೊದಲ ಸಾಲು "ಇಲ್ಲಿ ವಾಸವಾಗಿದ್ದರು". ಆಮೇಲೆ ಹೆಸರು, ಹುಟ್ಟಿದ ವರ್ಷ. ಓದಬೇಕು ಅಂದರೆ ಬಗ್ಗಲೇಬೇಕು. ಕಾಲಲ್ಲಿ ತುಳಿದ ಹಾಗಾಗುತ್ತೆ ಅಂತ ಮ್ಯೂನಿಕ್ ನಗರ ಅದನ್ನು ತನ್ನ ಫುಟ್‌ಪಾತಿನಲ್ಲಿ ಹಾಕೋಕೆ ಬಿಡಲಿಲ್ಲ.

ಸಿದ್ಧಗಂಗೆ ದಾರಿ | ಬುಧವಾರ ಬೆಳಗ್ಗೆ 9.25

ತುಳಿಯುವುದು ಅಂದಾಗ ನೆನಪಾಯಿತು. ನಮ್ಮ ಕಡೆ ದೇವಸ್ಥಾನದ ಹೊಸ್ತಿಲ ಮುಂದೆ ನೆಲದ ಕಲ್ಲಿನಲ್ಲಿ ಅಡ್ಡಬಿದ್ದ ಭಕ್ತರ ಚಿತ್ರ, ಹೆಸರು ಕೊರೆಸಿಕೊಳ್ಳುತ್ತಿದ್ದರು. ಹೋಗುವವರ ಪಾದಧೂಳಿ ತಾಗಲಿ ಅಂತ ಅವರೇ ಕೇಳಿಕೊಂಡದ್ದು. ತುಳಿಯುವುದು ಎಲ್ಲಾ ಕಡೆ ಅವಮಾನ ಅಲ್ಲ.

ಪಿನಾಕಿನಿ ಮೇಷ್ಟ್ರು | ಮುಂದಿನ ಭಾನುವಾರ ಸಂಜೆ 6.30

ಎಲ್ಲಾ ಓದಿದೆ. ಕೆಲವನ್ನು ಕ್ಲಾಸಿನಲ್ಲೂ ಓದಿ ಹೇಳಿದೆ (ಕಡ್ಲೆಕಾಯಿಯವರದ್ದೂ, ಮಕ್ಕಳು ಅವರ ಪಕ್ಷ!).

ಶನಿವಾರ ಮಕ್ಕಳನ್ನು ವಿದುರಾಶ್ವತ್ಥಕ್ಕೆ ಕರೆದುಕೊಂಡು ಹೋದೆ. ನಿಜ ಹೇಳಬೇಕೆಂದರೆ ಅಲ್ಲಿಗೆ ಬರುವವರಲ್ಲಿ ಎಷ್ಟೋ ಜನ ನಾಗರಕಲ್ಲಿಗೆ ಬರುವವರು. ಆ ದೊಡ್ಡ ಅಶ್ವತ್ಥ ಮರ 2001ರಲ್ಲಿ ಬಿದ್ದುಹೋಯಿತು, ಕಲ್ಲುಗಳು ಇವೆ. ಸಾವಿರಾರು. ಒಂದೊಂದೂ ಯಾರದೋ ಮನೆಯ ಹರಕೆ. ಅರಿಸಿನ ಕುಂಕುಮ ಹಚ್ಚಿ, ಹಾಲೆರೆದು, ಹಾಗೇ ಗುಂಡಿಗೆ ಸತ್ತವರ ಸ್ತೂಪದ ಕಡೆಗೂ ಒಂದು ಕೈ ಮುಗಿದು ಹೋಗುತ್ತಾರೆ. ಏಪ್ರಿಲ್ 25ಕ್ಕೆ ಬೇಸಿಗೆ ರಜೆ, ಶಾಲೆ ಮಕ್ಕಳು ಇರುವುದಿಲ್ಲ. ಇದೊಂದು ನಮ್ಮ ದುರದೃಷ್ಟ.

ಚಾರ್ಟಿನಲ್ಲಿ ಎರಡೂ ಸಂಖ್ಯೆ ಬರೆದಿದ್ದೇವೆ. 10 ಅಂತ ಹೇಳಿದವರು ಯಾರು, 30ಕ್ಕೂ ಜಾಸ್ತಿ ಅಂತ ಹೇಳುವವರು ಯಾರು, ಅದೂ ಪಕ್ಕದಲ್ಲೇ ಇದೆ. ಒಬ್ಬರು ಪೋಷಕರು ಬಂದು "ಕಮ್ಮಿ ನಂಬರ್ ಯಾಕೆ ಹಾಕಿದ್ರಿ, ಅದು ಬ್ರಿಟಿಷರ ಕಡೆಯವರ ಸುಳ್ಳು" ಅಂತ ರೇಗಿದರು. ಆಗ ಇಲ್ಲಿದ್ದದ್ದು ಮೈಸೂರು ಸಂಸ್ಥಾನದ ಪೊಲೀಸರು, ದಿವಾನರು ಮಿರ್ಜಾ ಇಸ್ಮಾಯಿಲ್ ಅಂದೆ. ಅವರಿಗೆ ಇನ್ನೂ ಸಿಟ್ಟು ಬಂತು. ಅದು ಇನ್ನೂ ಮುಗಿದಿಲ್ಲ.

ಎದುರಿನ ಗೋಡೆಯಿಂದ ಹೆಣದ ಫೋಟೋ ತೆಗೆದೆವು, ಒಂದು ಬಿಟ್ಟು. ಆ ಒಂದನ್ನು ಕವರಿನೊಳಗೆ ಹಾಕಿ ಇಟ್ಟಿದ್ದೇವೆ. ನೋಡಬೇಕು ಅನ್ನುವವರು ಕೇಳಿ ತೆಗೆದು ನೋಡಬಹುದು. ಇದು ಮಕ್ಕಳದೇ ಐಡಿಯಾ. ಕವರಿನ ಮೇಲೆ "ಈ ಫೋಟೋ ತೆಗೆದವರು ಯಾರು?" ಅಂತ ಬರೆದಿದ್ದಾರೆ.

ಕಾಲು ಕತ್ತರಿಸಿದ್ದ ಹುಡುಗ ಇದ್ದನಲ್ಲ, ಅವನು ಮನೆಯಿಂದ ಒಂದು ಸ್ಟೀಲ್ ಚೊಂಬು ತಂದ. ಮುತ್ತಜ್ಜಿಯದಂತೆ. ಹೆಸರು ತೆಲುಗಿನಲ್ಲಿ ಕೊರೆದಿದೆ, ಹೊಟ್ಟೆ ಒಂದು ಕಡೆ ತಗ್ಗಿದೆ. "ಇದು ಯಾವ ಗೋಡೆಗೆ?" ಅಂದೆ. "ಎರಡಕ್ಕೂ ಅಲ್ಲ ಸಾರ್, ಬಾಗಿಲ ಹತ್ತಿರ. ಹೆಸರು ಹೇಗೆ ಬರೀತಾರೆ ಅಂತ ಮೊದಲು ನೋಡಲಿ" ಅಂದ. ಬಾಗಿಲ ಹತ್ತಿರ ಒಂದು ಡೆಸ್ಕ್ ಹಾಕಿ ಇಟ್ಟಿದ್ದೇವೆ. ಸಂಜೆ ಮಾತ್ರ ಅವನು ಅದನ್ನು ಮನೆಗೆ ತೆಗೆದುಕೊಂಡು ಹೋಗಬೇಕು, ಅವರಜ್ಜಿ ಅದರಲ್ಲೇ ನೀರು ಕುಡಿಯೋದು.

ಕೋಲಾರದ ನರ್ಸಮ್ಮ | ಮುಂದಿನ ಭಾನುವಾರ ಸಂಜೆ 7.05

ಮೇಷ್ಟ್ರೇ, ಮುಂದಿನ ವಾರ ಗೌರಿಬಿದನೂರಿಗೆ ಮದುವೆಗೆ ಬರ್ತಿದ್ದೀನಿ. ಶನಿವಾರ ಶಾಲೆ ಎಷ್ಟು ಹೊತ್ತಿನವರೆಗೆ ಇರುತ್ತೆ? ಚೊಂಬು ಮನೆಗೆ ಹೋಗೋ ಮೊದಲೇ ಬರಬೇಕಲ್ಲ.

ಪಿನಾಕಿನಿ ಮೇಷ್ಟ್ರು | ಮುಂದಿನ ಭಾನುವಾರ ಸಂಜೆ 7.12

ಶನಿವಾರ ಅರ್ಧ ದಿನ ಅಕ್ಕ. ಹನ್ನೊಂದು ಗಂಟೆ ಒಳಗೆ ಬನ್ನಿ.